ಬ್ಯಾಂಕಿನ ರೊಕ್ಕಕ್ಕೆ ಸಿಗದ ಮನೆ

ಹವಾಲ್ದಾರ ಯಲ್ಲಾಲಿಂಗ ಗೊಳಸಂಗಿಯವನು. ಸೈನ್ಯ ಸೇರಿ ಹತ್ತೊಂಬತ್ತು ವರ್ಷವಾಯಿತು. ಹಿಮವೋ ಮರಳೋ, ಕಳಿಸಿದ ಕಡೆ ಹೋಗಿ ಬ್ಯಾರಕಿನಲ್ಲಿ ಮಲಗಿದ. ಹೆಂಡತಿ ರೇಣುಕಾ ಮಗಳ ಶಾಲೆಗಾಗಿ ಬಸವನ ಬಾಗೇವಾಡಿಯಲ್ಲಿ ಬಾಡಿಗೆ ಮನೆ ಹಿಡಿದು ಉಳಿದಳು. ಉಳಿದಳು ಎನ್ನುವುದೂ ತಪ್ಪು, ಓಣಿಯಿಂದ ಓಣಿಗೆ ಸಾಮಾನು ಹೊತ್ತಳು. ಒಬ್ಬ ಮಾಲೀಕ ಮಗನ ಮದುವೆಯೆಂದು ಬಿಡಿಸಿದ, ಇನ್ನೊಬ್ಬ ಬಾಡಿಗೆ ಏರಿಸಿದ. ಮತ್ತೊಬ್ಬಳು ಬಾಗಿಲಲ್ಲೇ ನಿಲ್ಲಿಸಿ, "ಗಂಡ ಊರಾಗಿಲ್ಲದಾಕಿಗೆ ನಾವು ಮನಿ ಕೊಡಾಂಗಿಲ್ಲವಾ" ಎಂದು ಕಳಿಸಿದಳು.

ಹೋದ ವರ್ಷ ರೇಣುಕಾ ಫೋನಿನಲ್ಲಿ ಹೇಳಿಬಿಟ್ಟಳು: "ಈ ಸಲ ರಜಾಕ್ಕ ಬಂದಾಗ ಸೀರಿ ಬ್ಯಾಡ, ಬಂಗಾರ ಬ್ಯಾಡ. ಯಾರೂ ಹೊರಗ ಹಾಕದಂಥಾ ಒಂದು ಮನಿ ಕೊಡಸ್ರಿ."

ಯಲ್ಲಾಲಿಂಗ ಬಂದ. ಪಿಎಫ್ ಇತ್ತು, ಉಳಿದದ್ದಕ್ಕೆ ಸಾಲ ಕೊಡಲು ಬ್ಯಾಂಕು ತಯಾರಿತ್ತು. ಶಾಲೆಯ ಹತ್ತಿರವೇ ಒಂದು ಸಣ್ಣ ಮನೆ ಮಾರಾಟಕ್ಕಿತ್ತು. ಅದರ ಮಾಲೀಕ ಬಸವಂತರಾಯ ಊರಿನ ಮುಖಂಡ, ಸ್ವಾತಂತ್ರ್ಯ ದಿನದಂದು ಸೈನಿಕರಿಗೆ ಶಾಲು ಹೊದಿಸುವ ಮನುಷ್ಯ.

"ಬರ್ರಿ ಹವಾಲ್ದಾರ್ರ! ನೀವು ಅಲ್ಲಿ ನಿಂತೀರಿ ಅಂತ ನಾವಿಲ್ಲಿ ನಿದ್ದಿ ಮಾಡಾಕತ್ತೇವಿ," ಎಂದು ಚಹಾ ತರಿಸಿದ. ಬೆಲೆ ಕೇಳಿದರೆ ಎದೆ ಒಡೆಯಬೇಕು, ಹಾಗಿತ್ತು. ಯಲ್ಲಾಲಿಂಗ ಅದಕ್ಕೂ ಹೂಂ ಅಂದ. ಆಗ ಬಸವಂತರಾಯ ದನಿ ತಗ್ಗಿಸಿದ.

"ಕಾಗದದ ಮ್ಯಾಲ ಅರ್ಧಾ ಬರಸೂಣು. ಉಳಿದ ಅರ್ಧಾ ಕೈಯಾಗ ಕೊಡ್ರಿ."

"ಕೈಯಾಗ ಎಲ್ಲೈತ್ರಿ? ಪಗಾರ ಬ್ಯಾಂಕಿಗೆ ಬರ್ತೈತಿ. ಕಾಗದದಾಗ ಎಷ್ಟೈತೋ ಅಷ್ಟರ ಮ್ಯಾಲ ಅವರು ಸಾಲ ಕೊಡೂದು."

"ಅಲ್ರೀ, ಇಷ್ಟು ವರ್ಷ ಮಿಲಿಟ್ರಿಯೊಳಗಿದ್ದು ಒಂದು ಚೀಲ ನಗದು ಕೂಡಿಸಿಲ್ಲಂದ್ರ?" ಸುತ್ತ ಕೂತಿದ್ದ ಅವನ ಮಂದಿಯೆಲ್ಲ ನಕ್ಕರು.

"ಗುಂಡು ಹಾರಿಸಿದ ಮ್ಯಾಲ ಖಾಲಿ ಕಾಡತೂಸ ಸುದ್ದಾ ತಿರುಗಿ ಕೊಡಬೇಕ್ರಿ ನಾವು. ಚೀಲ ಎಲ್ಲಿಂದ ತುಂಬಸೂಣು?"

ಯಾರೂ ನಗಲಿಲ್ಲ. ಬೆಲೆಯೂ ಬದಲಾಗಲಿಲ್ಲ, ಷರತ್ತೂ ಬದಲಾಗಲಿಲ್ಲ.

ಮನೆಗೆ ಬಂದು ಹೇಳಿದ. ರೇಣುಕಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನನ್ನ ಬಂಗಾರ ಮಾರ್ರಿ. ಗೊಳಸಂಗ್ಯಾಗ ಅವರಿವರನ್ನ ಕೇಳ್ರಿ."

"ಅದೂ ಸಾಲಂಗಿಲ್ಲ. ಸಾಲಿದ್ರೂ ಸುಳ್ಳು ಬರಸಿ ಸಹಿ ಮಾಡಬೇಕು."

"ಮಾಡ್ರಿ! ಊರೆಲ್ಲಾ ಮಾಡೂದ ಐತಿ. ನಿಮ್ಮ ಸತ್ಯ ನೀವು ಟ್ರಂಕಿನ್ಯಾಗ ಇಟಗೊಂಡು ಹೋಗಿಬಿಡ್ತೀರಿ. ಸಾಮಾನು ಹೊರಾಕಿ ನಾನು."

ಯಲ್ಲಾಲಿಂಗ ಮರುದಿನ ಬಸವಂತರಾಯನ ಮನೆಗೆ ಮತ್ತೆ ಹೋದ. ಸುಳ್ಳಿಗೂ ಒಪ್ಪಿಕೊಂಡೇ ಹೋಗಿದ್ದ, ಸಾಲಸೋಲ ಮಾಡಲು ನಾಲ್ಕು ದಿನ ಕೇಳುವವನಿದ್ದ. ಅಷ್ಟರಲ್ಲಿ ನಿಡಗುಂದಿಯ ಗುತ್ತಿಗೆದಾರನೊಬ್ಬ ನಗದಿನ ಚೀಲ ತಂದು ಮನೆಯ ವ್ಯವಹಾರ ಮುಗಿಸಿಕೊಂಡಿದ್ದ. ಉಳಿದ ರಜೆಯಲ್ಲಿ ಯಲ್ಲಾಲಿಂಗ ಮುದ್ದೇಬಿಹಾಳಕ್ಕೆ ಹೋದ, ಸಿಂದಗಿಗೆ ಹೋದ. ಅಲ್ಲಿ ನೋಡಿದ ಮನೆಗಳಿಗೂ ಅದೇ ಮಾತು.

ಇದು ಯಾರಿಗೆ ಗೊತ್ತಿಲ್ಲ? ಮಾರುವವನಿಗೆ ಗೊತ್ತು, ಬರೆಯುವವನಿಗೆ ಗೊತ್ತು, ಸಾಕ್ಷಿ ಹಾಕುವವನಿಗೂ ಗೊತ್ತು. ಪೈಪೈಗೂ ತೆರಿಗೆ ಕಟ್ಟಿದ ದುಡ್ಡು ನಮ್ಮ ಪೇಟೆಯಲ್ಲಿ ಖೋಟಾ ನಾಣ್ಯ. ಬಚ್ಚಿಟ್ಟದ್ದು ಮಾತ್ರ ಚಲಾವಣೆ. ಸೈನಿಕನಿಗೆ ಶಾಲು ಹೊದಿಸಲು ಜನ ಸಾಲುಗಟ್ಟುತ್ತಾರೆ, ಖರೀದಿ ಪತ್ರದಲ್ಲಿ ನಿಜವಾದ ಬೆಲೆ ಬರೆದುಕೊಡಲು ಒಬ್ಬ ಮುಂದೆ ಬರುವುದಿಲ್ಲ. ಶಾಲಿಗೆ ಖರ್ಚು ಕಡಿಮೆ.

ಗುತ್ತಿಗೆದಾರನಿಗೆ ಆ ಮನೆಯಲ್ಲಿ ಇರುವ ಅಗತ್ಯವಿರಲಿಲ್ಲ. ವಾರದೊಳಗೆ ಬಾಡಿಗೆಗೆ ಬಿಟ್ಟ. ಮಗಳ ಶಾಲೆ ಹತ್ತಿರವೆಂದು ರೇಣುಕಾಳೇ ಹಿಡಿದಳು. ಬಾಡಿಗೆ ನಗದು, ರಸೀದಿ ಇಲ್ಲ. ಈ ಸಲ ಸಾಮಾನನ್ನು ಯಲ್ಲಾಲಿಂಗನೇ ಹೊತ್ತು ಒಳಗಿಟ್ಟು, ಎರಡು ದಿನಕ್ಕೆ ರೈಲು ಹತ್ತಿದ.

ಮೊನ್ನೆ ಗಡಿಯಿಂದ ಫೋನು ಮಾಡಿದ. "ಮನಿ ಹ್ಯಾಂಗೈತಿ?"

"ಚೊಲೋ ಐತ್ರಿ. ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ ಅಂದಾನ ಮಾಲಕ. ನಿಮ್ಮ ಫೋಟೊ ಟಿವಿ ಬಾಜೂಕ ಒರಗಿಸಿ ಇಟ್ಟೇನಿ."