ಅಂಗೈಯಲ್ಲಿ ಎಂಜಿನ್ ಓದುವವರು

ಶ್ರೀರಾಂಪುರದಲ್ಲಿ ನಮ್ಮ ಪಕ್ಕದ ಮನೆಯವರು ಹಡಗಿನ ಎಂಜಿನಿಯರ್. ರಜೆಗೆ ಬಂದಾಗಲೆಲ್ಲ ನಮ್ಮ ಮಿಕ್ಸಿ, ನೀರಿನ ಮೋಟಾರು, ಎಲ್ಲದರ ಮೇಲೂ ಅಂಗೈ ಊರಿ, ಕಣ್ಣು ಮುಚ್ಚಿ, "ಕಿವಿ ಮೋಸ ಹೋಗುತ್ತೆ, ಕೈ ಹೋಗಲ್ಲ ಕಣ್ರೀ" ಅನ್ನುತ್ತಿದ್ದರು.

ಒಂದು ಸಲ ಮಾತ್ರ ಬಂದವರು ಯಾವುದನ್ನೂ ಮುಟ್ಟಲಿಲ್ಲ. ಅವರ ಹೊಸ ಹಡಗು ಡೀಸೆಲ್ ಬದಲು ಹೊಗೆ ಕಡಿಮೆಯ ಮೆಥನಾಲ್ ಉರಿಸುತ್ತದಂತೆ. ಬಂದರು ಹತ್ತಿರವಾದರೆ ಅದನ್ನೂ ನಿಲ್ಲಿಸಿ ಬ್ಯಾಟರಿಯಲ್ಲಿ ಸಾಗುತ್ತದಂತೆ.

"ಮೊದಲನೇ ಸಲ ಬ್ಯಾಟರಿಗೆ ತಿರುಗಿದಾಗ ಎಂಜಿನ್ ಪಕ್ಕದ ಕಂಬಿ ಮೇಲೆ ಕೈಯಿಟ್ಟಿದ್ದೆ. ಅದುರೋದೇ ನಿಂತೋಯ್ತು. ಎಂಜಿನ್ ಕೆಟ್ಟೋಯ್ತು ಅಂತ ಅಪಾಯದ ಗಂಟೆ ಒತ್ತಿಬುಟ್ಟೆ. ಹಡಗಿಗೆ ಹಡಗೇ ನಕ್ಕುಬುಡ್ತು."

"ಮತ್ತೆ ಅದೇ ಹಡಗಿಗೆ ಹೋಗ್ತೀರಾ?" ಅಂದೆ.

"ಸೋಮವಾರದೊಳಗೆ ಕಂಪನಿಗೆ ಹೇಳ್ಬೇಕು. ಕೈಗೇ ತಿಳೀದೆ ಇದ್ದ ಮೇಲೆ ನಾನ್ಯಾಕೆ ಅಲ್ಲಿ?"

ನನ್ನ ಬ್ಯಾಟರಿ ಸ್ಕೂಟರನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹಿಂದಿನ ಚಕ್ರ ಮೆಲ್ಲಗೆ ತಿರುಗುವಂತೆ ಮಾಡಿ, "ಇದನ್ನ ಮುಟ್ಟಿ ನೋಡಿ" ಅಂದೆ. ಸೀಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರು. ಕಾಫಿ ಆರುತ್ತಿದೆಯೆಂದು ಅವರ ಹೆಂಡತಿ ಎರಡು ಸಲ ಕರೆದರು.

"ಇದೆ," ಅಂದರು ಕೊನೆಗೆ. "ಬೆಕ್ಕಿನ ಬೆನ್ನು ಮುಟ್ಟಿದಂಗೆ, ಸಣ್ಣಗೆ. ನಾನು ದೊಡ್ಡದನ್ನ ಹುಡುಕ್ತಿದ್ದೆ ಕಣ್ರೀ."

ಸೋಮವಾರದವರೆಗೂ ದಿನಾ ಬೆಳಿಗ್ಗೆ ಬಂದು ಸ್ಕೂಟರಿನ ಕೀ ಕೇಳಿದರು. ಒಂದು ದಿನವೂ ಓಡಿಸಲಿಲ್ಲ; ಸ್ಟ್ಯಾಂಡ್ ಮೇಲೆಯೇ ಚಕ್ರ ತಿರುಗಿಸಿ ಅಂಗೈ ಊರುತ್ತಿದ್ದರು. ಮಂಗಳವಾರ ಅವರ ಹೆಂಡತಿ ಹಡಗಿಗೆ ಒಯ್ಯುವ ದೊಡ್ಡ ಸೂಟ್‌ಕೇಸನ್ನು ಬಿಸಿಲಿಗೆ ಇಟ್ಟಿದ್ದರು.