ಬೆಕ್ಕಿನ ದಿನದ ಸುತ್ತು

ಪುಸ್ತಕ ಹೊಲಿಯುವ ಕೆಲಸಕ್ಕಿದ್ದ ಪ್ರೆಸ್ಸಿನಲ್ಲಿ ಎಲ್ಲರೂ ಆಕೆಯನ್ನು ಬೈಂಡಿಂಗ್ ಅಕ್ಕ ಎನ್ನುತ್ತಿದ್ದರು. ಒಡಹುಟ್ಟಿದ್ದು ಒಬ್ಬನೇ ತಮ್ಮ, ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನು. ಒಂದು ಮಧ್ಯಾಹ್ನ ನಿಲ್ದಾಣದಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಮುದುಕಿಯೊಬ್ಬಳು ಚಕ್ರಕ್ಕೆ ಸಿಕ್ಕಿ ಸತ್ತಳು. ತಪ್ಪು ಚಾಲಕನದಲ್ಲ ಎಂದು ಕೋರ್ಟು ಬಿಟ್ಟುಬಿಟ್ಟಿತು. ಅವನ ಮನಸ್ಸು ಬಿಡಲಿಲ್ಲ. ತೀರ್ಪು ಬಂದ ದಿನವೇ, ಅಕ್ಕ ತಮ್ಮ ಇಬ್ಬರೇ ಇದ್ದ ಮನೆಯ ಹಿಂದಿನ ಕೋಣೆ ಸೇರಿ ಅಗುಳಿ ಹಾಕಿಕೊಂಡ.

ಮನೆಯ ಬೆಕ್ಕಿಗೆ ಇದು ಸರಿಬರಲಿಲ್ಲ. ಬೆಳಗಾದರೆ ಸಾಕು, ಆ ಬಾಗಿಲ ಬುಡದಲ್ಲಿ ಕೂತು ಪರಪರ ಕೆರೆಯುವುದು. ಹಸಿವಿರಬೇಕೆಂದು ಅಕ್ಕ ಹಾಲಿಟ್ಟಳು. ಕುಡಿದು, ಮೀಸೆ ಒರೆಸಿಕೊಂಡು, ಮತ್ತೆ ಅಲ್ಲೇ ಹೋಗಿ ಕೂತಿತು.

"ಹೊಟ್ಟೆ ತುಂಬಿದ ಮೇಲೂ ಏನೇ ನಿನ್ನ ಗೋಳು?" ಎಂದು ಬೈದಳು.

ಕೊನೆಗೆ ಉಗುರು ಕಿತ್ತು ರಕ್ತ ಬಂದಾಗ ಬೆಕ್ಕನ್ನು ಕೈಚೀಲದಲ್ಲಿ ಹಾಕಿಕೊಂಡು ಪ್ರಾಣಿವೈದ್ಯರ ಹತ್ತಿರ ಓಡಿದಳು.

"ಇದಕ್ಕೆ ನನ್ನ ತಮ್ಮನ ಮೇಲೆ ಅಷ್ಟು ಪ್ರೀತಿನಾ, ಡಾಕ್ಟ್ರೇ?"

"ಇರಬಹುದಮ್ಮ. ಆದ್ರೆ ಬೆಕ್ಕಿಗೆ ಇಡೀ ಮನೆ ತನ್ನದೇ. ದಿನಾ ಒಂದು ಸುತ್ತು ಹಾಕಿ, ಎಲ್ಲಾ ಇದ್ದ ಹಾಗೇ ಇದೆಯಾ ಅಂತ ನೋಡ್ಬೇಕು. ಒಂದು ಬಾಗ್ಲು ಮುಚ್ಚಿದ್ರೂ ಸಮಾಧಾನ ಇರಲ್ಲ. ತೆಗೆದುಬಿಡಿ, ನೋಡ್ಕೊಂಡು ಬಂದ್ಬಿಡುತ್ತೆ."

ಅಕ್ಕ ಮನೆಗೆ ಬಂದು ಬಾಗಿಲಿಗೆ ಬಾಯಿ ಹಚ್ಚಿ ಹೇಳಿದಳು: "ಗೇಣಗಲ ತೆಗಿಯೋ. ನಂಗೋಸ್ಕರ ಬೇಡ. ಇದರ ಕಾಲಿಗೆ ಪಟ್ಟಿ ಕಟ್ಟಿದಾರೆ ಕಣೋ."

ಬಹಳ ಹೊತ್ತಿನ ಮೇಲೆ ಅಗುಳಿ ಸರಿಯಿತು. ಏಳು ವಾರದ ನಂತರ ಅವನ ಮುಖ ಕಂಡಳು. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಬೆಕ್ಕು ಕುಂಟುತ್ತ ಒಳಗೆ ಹೋಗಿ ಮಂಚದಡಿ ಮೂಸಿತು, ಮೂಲೆ ಮೂಸಿತು, ಅವನ ಪಾದವನ್ನೊಮ್ಮೆ ಮೂಸಿ, ಬಾಲ ಎತ್ತಿಕೊಂಡು ಹೊರಗೆ ಬಂದೇಬಿಟ್ಟಿತು.

ತಮ್ಮ ನಕ್ಕ. "ನೋಡ್ದ್ಯಾ ಅಕ್ಕ? ಅದಕ್ಕೂ ನನ್ನ ಹತ್ರ ಇರಕ್ಕಾಗ್ಲಿಲ್ಲ."

"ಹಾಗಲ್ವೋ, ಡಾಕ್ಟ್ರು ಹೇಳಿದ್ರು..." ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಬೆಕ್ಕಿನ ಸ್ವಭಾವವೇ ಅಷ್ಟು ಎಂದು ಅವಳು ಸಂಜೆಯವರೆಗೂ ಹೊರಗೆ ನಿಂತು ವಿವರಿಸಿದಳು. ಅಗುಳಿ ಮತ್ತೆ ಸರಿಯಲಿಲ್ಲ. ತಾನೇ ಬಾಗಿಲು ತೆಗೆಸಿ ತಾನೇ ಕೆಡಿಸಿದೆನೆಂಬ ಕೊರಗು ಅವಳನ್ನು ಹಿಡಿಯಿತು.

ಬೆಕ್ಕು ಇನ್ನೊಂದೆರಡು ವಾರ ಕೆರೆದು ಸುಮ್ಮನಾಯಿತು. ಈಗ ಹಜಾರ, ಅಡುಗೆಮನೆ, ಹಿತ್ತಿಲ ಮೆಟ್ಟಿಲು ಸುತ್ತಿಕೊಂಡು, ಆ ಬಾಗಿಲ ಕಡೆ ತಿರುಗಿಯೂ ನೋಡದೆ ಹೋಗುತ್ತದೆ. ಅಕ್ಕನ ಕೈಲಿ ಅದಾಗಿಲ್ಲ. ಇಷ್ಟು ದಿನ ಅವಳು ಪ್ರೆಸ್ಸಿಗೆ ಹೋದಾಗ ಅವನು ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದು ಉಣ್ಣುತ್ತಿದ್ದ. ಸೋಮವಾರದಿಂದ ತಟ್ಟೆ ಮುಚ್ಚಿಟ್ಟ ಹಾಗೇ ಇದೆ. ಬೆಳಿಗ್ಗೆ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಾಳೆ. ಒಳಗೆ ಮಂಚ ಕಿರುಗುಟ್ಟಿದರೆ, ಇದ್ದಾನೆ ಎಂದುಕೊಂಡು ಕೆಲಸಕ್ಕೆ ಹೊರಡುತ್ತಾಳೆ.