ಮುಖ ಮುಚ್ಚಿ ಕಾಲು ನೋಡಿದವಳು

ಅಕ್ಕನ ಬಲ ಅಂಗೈಯ ನಡುವೆ ಒಂದು ಬಿಳಿ ಕಲೆ ಇತ್ತು. ಪುರಿಭಟ್ಟಿಯ ಕಾದ ಮರಳು ಬಿದ್ದು ಸುಟ್ಟ ಕಲೆ. ಕುಸ್ತಿಯ ಫೋಟೋ ಕೈಗೆ ಬಂತೆಂದರೆ ಅವಳು ಆ ಅಂಗೈಯನ್ನು ಫೋಟೋದ ಮೇಲ್ಭಾಗಕ್ಕೆ ಒತ್ತಿ, ಮೊದಲು ಪೈಲ್ವಾನರ ಮುಖಗಳನ್ನು ಮುಚ್ಚಿಬಿಡುತ್ತಿದ್ದಳು. ಆಮೇಲೆ ಎಡಗಣ್ಣನ್ನು ಸ್ವಲ್ಪ ಕಿರಿದು ಮಾಡಿ, ಕೆಳಗೆ ಉಳಿದ ಕಾಲುಗಳನ್ನು ನೋಡುತ್ತ ಕೂರುತ್ತಿದ್ದಳು. ಅಂಗಡಿ ಮುಂದೆ ನಿಂತ ಜನ ಅವಳು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದರು.

“ಮೊಕ ಸುಳ್ಳು ಯೋಳ್ತದೆ. ಕಾಲ್ಗೆ ಸುಳ್ಳು ಯೋಳಕ್ಕೆ ಬರಾಕಿಲ್ಲ,” ಎನ್ನುವುದು ಅವಳ ಮಾತು.

ನಮ್ಮದು ಕೊತ್ತತ್ತಿ. ಅಪ್ಪ ಅವ್ವ ಬೇಗ ಹೋದರು. ಅಕ್ಕನನ್ನು ಮದ್ದೂರಿಗೆ ಕೊಟ್ಟಿತ್ತು. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಭಾವನ ಕಡ್ಲೆಪುರಿ ಅಂಗಡಿ, ಅದರ ಹಿಂದೆಯೇ ಭಟ್ಟಿ. ಮದುವೆಯಾಗಿ ಹೋಗುವಾಗ ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದಳು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು. ಈಗ ಬರೆಯುತ್ತಿರುವ ಅಕ್ಷರವೂ ಪೊಟ್ಟಣದ ಕಾಗದದ ಮೇಲೆ ಅವಳೇ ತಿದ್ದಿಸಿದ್ದು. ಗರಡಿಗೆ ಸೇರುತ್ತೇನೆ ಎಂದಾಗ ಭಾವ ಮುಖ ತಿರುಗಿಸಿದರು. ಅಕ್ಕ ಮಾತ್ರ ದಿನಾ ಒಂದು ಬೊಗಸೆ ಹುರಿಗಡಲೆ ಕೈಗೆ ಸುರಿದು, “ಬಾದಾಮಿ ತರೋ ಯೋಗ್ತೆ ನಮ್ಗಿಲ್ಲ. ಬಾದಾಮಿ ಅನ್ಕೊಂಡೇ ತಿನ್ನು, ಮೈಗೆ ಗೊತ್ತಾಗಾಕಿಲ್ಲ,” ಎಂದು ಕಳಿಸುತ್ತಿದ್ದಳು.

ಗರಡಿ ಮನೆಯ ಹೊಸಿಲನ್ನು ಹೆಂಗಸರು ದಾಟುವಂತಿರಲಿಲ್ಲ. ಹಾಲಿನ ಚೊಂಬು ತಂದರೆ ಹೊರಗಿನ ಕಲ್ಲಿನ ಮೇಲಿಟ್ಟು, ಗೋಡೆಗೆ ಮುಖ ಮಾಡಿ ನನ್ನನ್ನು ಕೂಗಿ ಹೋಗುತ್ತಿದ್ದಳು. ಒಳಗೆ ನಡೆಯುವ ಕುಸ್ತಿಯ ಸದ್ದು ಮಾತ್ರ ಅವಳಿಗೆ ಸಿಕ್ಕುತ್ತಿದ್ದದ್ದು. ಆ ಸದ್ದಿನಿಂದಲೇ ಊಹಿಸಿ, “ಇವತ್ತು ನಿನ್ನ ಕೆಡವಿದೋನು ದಪ್ಪದೋನು ಅಲ್ವೇನ್ಲಾ?” ಎಂದು ಸಂಜೆ ಕೇಳುತ್ತಿದ್ದಳು. ಬಹುತೇಕ ಸರಿಯಿರುತ್ತಿತ್ತು.

ಪರದೇಶದ ಕುಸ್ತಿ ನಮ್ಮ ಅಂಗಡಿಗೆ ಬಂದದ್ದು ರದ್ದಿಯಲ್ಲಿ. ಪುರಿ ಕಟ್ಟಲು ಭಾವ ಬೆಂಗಳೂರಿನಿಂದ ಹಳೇ ಕಾಗದದ ಕಟ್ಟುಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತರುತ್ತಿದ್ದರು. ಎಪ್ಪತ್ತರ ದಶಕದ ಶುರುವಿನಲ್ಲಿ ಒಂದು ಸಲ ಕಟ್ಟು ಬಿಚ್ಚಿದರೆ ಒಳಗೆ ಬರೀ ಕುಸ್ತಿಯ ಪತ್ರಿಕೆಗಳು. ಕೆಲವು ಇಂಗ್ಲಿಷಿನವು, ಕೆಲವು ಇಂಗ್ಲಿಷಿನ ಹಾಗೆ ಕಂಡರೂ ಇಂಗ್ಲಿಷ್ ಅಲ್ಲದವು, ಇನ್ನು ಕೆಲವು ಕಡ್ಡಿ ಜೋಡಿಸಿಟ್ಟಂಥ ಅಕ್ಷರದವು. ಬಸ್ಸು ಬರುವ ಹೋಗುವ ಹೊತ್ತು ಬರೆದುಕೊಳ್ಳುವ ಕಂಟ್ರೋಲರು ಆಗಿನ್ನೂ ಎಳೆಯ ವಯಸ್ಸಿನವರು, ಓದಿಕೊಂಡವರು, ದಿನಾ ಸಂಜೆ ನಮ್ಮಲ್ಲಿ ಪುರಿ ತಿನ್ನಲು ಬರುತ್ತಿದ್ದವರು. ಅವರೇ ನೋಡಿ ಹೇಳಿದರು.

“ಇದು ಅಮೆರಿಕ, ಇದು ಮೆಕ್ಸಿಕೋ, ಇದು ಜಪಾನು ಇರಬೇಕಮ್ಮ. ಅಲ್ಲಿ ಹಗ್ಗ ಕಟ್ಟಿದ ಅಟ್ಟದ ಮೇಲೆ, ಟಿಕೆಟ್ ಇಟ್ಟು ಆಡ್ತಾರೆ. ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡ್ಕೊಂಡಿರ್ತಾರಂತೆ.”

“ಎಲ್ಲಾರೂವಾ?” ಎಂದಳು ಅಕ್ಕ.

ಆವತ್ತು ಹಿಡಿದ ಹುಚ್ಚು ಅದು. ಆ ಪತ್ರಿಕೆಗಳಲ್ಲಿ ಪುರಿ ಕಟ್ಟಲು ಅವಳು ಬಿಡಲಿಲ್ಲ. ಕನ್ನಡ ಬಿಟ್ಟು ಬೇರೆ ಅಕ್ಷರ ಓದಲು ಬಾರದ್ದರಿಂದ ಫೋಟೋಗಳಲ್ಲೇ ಕುಸ್ತಿಯನ್ನು ಕಟ್ಟಬೇಕಿತ್ತು. ಒಂದು ಪಂದ್ಯದ ಫೋಟೋಗಳನ್ನೆಲ್ಲ ನೆಲದ ಮೇಲೆ ಹರಡುವಳು. ತಲೆಗೂದಲು ಒಣಗಿರುವುದು ಮೊದಲು, ಹಣೆಗೆ ಅಂಟಿರುವುದು ಆಮೇಲೆ, ಮೈಯೆಲ್ಲ ಮಿನುಗುತ್ತಿರುವುದು ಕೊನೆಗೆ. ಹೀಗೆ ಬೆವರು ನೋಡಿ ಜೋಡಿಸುವಳು. ಮುಖ ಮುಚ್ಚಿ ಕಾಲು ನೋಡುವಳು. ಎತ್ತುವವನ ಮಂಡಿ ಇನ್ನೂ ಬಗ್ಗಿರುವಾಗಲೇ ಎತ್ತಿಸಿಕೊಳ್ಳುವವನ ಹಿಮ್ಮಡಿ ನೆಲ ಬಿಟ್ಟಿದ್ದರೆ, ಅವನು ತಾನಾಗಿ ಹಾರಿದ್ದಾನೆ ಎಂದು ಅರ್ಥ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಜೆ ಅಂಗಡಿಗೆ ಬಂದವರಿಗೆ ಪುರಿ ಅಳೆಯುತ್ತ ಆ ಪಂದ್ಯವನ್ನು ಮೊದಲಿನಿಂದ ಹೇಳಿ, ಕೊನೆಗೆ ಹೇಗಿತ್ತು ಎಂದು ತೀರ್ಪು ಕೊಡುವಳು.

“ಅಮೆರಿಕದೋರು ಅರ್ಧ ಕುಸ್ತಿ ಬಾಯಲ್ಲೇ ಆಡ್ತಾರೆ ಕಣ್ರಪ್ಪ. ನೋಡಿ, ಎದುರಿನೋನು ಕೆಳಗ್ ಬಿದ್ದವ್ನೆ, ಇವ್ನು ಜನದ್ ಕಡೀಕ್ ತಿರುಗ್ಕಂಡು ಕೂಗಾಡ್ತಾವ್ನೆ. ಜಪಾನಿನೋರು ಅಂಗಲ್ಲ. ಒಡುದ್ರೆ ಒಡ್ತವೇಯ. ಎದೆ ಎಂಗ್ ಬಾತೈತೆ ನೋಡಿ. ಮೆಕ್ಸಿಕೋದೋರು ಮುಸುಕು ಆಕ್ಕಂಡು ಅಟ್ಟದ್ ಮ್ಯಾಲಿಂದ ಆರ್ತಾರೆ. ಆರೋನ್ನ ನೋಡ್ಬ್ಯಾಡಿ, ಕೆಳಗಿರೋನ್ನ ನೋಡಿ. ತೊಟ್ಲಿಂದ ಮಗ ಎತ್ಕಳಂಗೆ ಎರಡೂ ಕೈ ಚಾಚವ್ನೆ. ಅವ್ನು ಚಾಚ್ನಿಲ್ಲ ಅಂದ್ರೆ ಇವ್ನ ಕತ್ತು ಮುರೀತು.”

ನಿಡಘಟ್ಟದ ಗಾಡಿಯವನೊಬ್ಬ ರೇಗಿಸಿದ. “ಪುರಿಯಕ್ಕೋ, ಮಾತಾಡ್ಕಂಡು ಬೀಳೋದು ಅದ್ಯಾವ್ ಸೀಮೆ ಕುಸ್ತಿ? ಅಂಗಾದ್ರೆ ನಾನೂ ಪೈಲ್ವಾನ್ನೇ.”

“ಬೀಳ್ಲಾ ನೋಡಾನ. ಆ ಜಗುಲಿ ಮ್ಯಾಲಿಂದ ಬೆನ್ನು ಕೆಳೀಕ್ ಮಾಡ್ಕಂಡು ಬಿದ್ದು ತೋರ್ಸು. ಒಂದ್ ಸೇರು ಪುರಿ ಪುಕ್ಸಟ್ಟೆ ಕೊಡ್ತೀನಿ.”

ಅವನು ಜಗುಲಿಯನ್ನೊಮ್ಮೆ ನೋಡಿ, ಪುರಿಗೆ ಕಾಸು ಕೊಟ್ಟು ಹೋದ. ಜನ ಬಿದ್ದು ಬಿದ್ದು ನಕ್ಕರು. ಮಾತಾಡಿಕೊಂಡು ಬೀಳುವುದನ್ನು ಅಕ್ಕ ಕೀಳಾಗಿ ಕಾಣುತ್ತಿರಲಿಲ್ಲ. ಎದುರಿನವನ ಕತ್ತು ತನ್ನ ಕೈಯಲ್ಲಿದೆ ಎಂಬುದನ್ನು ಮರೆತವನನ್ನು ಮಾತ್ರ ಬಿಡುತ್ತಿರಲಿಲ್ಲ. ಮೈಸೂರಿಗೆ ಹೋಗುವ ಬಸ್ಸಿನವರು ಕೂಡ ಇಳಿದು, “ಇವತ್ತು ಯಾವ್ ದೇಶದ್ದಕ್ಕಾ?” ಎಂದು ಕೇಳುವಷ್ಟು ಅವಳ ಮಾತಿಗೆ ಬೆಲೆ ಬಂದಿತ್ತು. ನಾನು ಅವಳ ತಮ್ಮ ಎಂದು ಹೇಳಿಕೊಳ್ಳುವುದೇ ನನಗೊಂದು ಹೆಮ್ಮೆ.

ಒಂದು ಸಲ ಮಂಡ್ಯದಲ್ಲಿ ಸುತ್ತ ತಗಡು ಕಟ್ಟಿ, ಪತ್ರಿಕೆಯಲ್ಲಿದ್ದಂಥದೇ ಫ್ರೀಸ್ಟೈಲ್ ಕುಸ್ತಿ ಇಟ್ಟರು. ಮೆಕ್ಸಿಕೋದ ಮುಸುಕಿನ ವೀರ ಬರುತ್ತಾನೆಂದು ಕಾರಿಗೆ ಮೈಕು ಕಟ್ಟಿ ಸಾರಿದರು. ಭಾವ, ಅಕ್ಕ, ನಾನು ಮೂವರೂ ಹೋದೆವು. ಮುಸುಕಿನವನು ಅಟ್ಟ ಹತ್ತುವ ಮುಂಚೆ ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನನ್ನ ಕಿವಿಯಲ್ಲಿ ಹೇಳಿದಳು: “ಇವ್ನ್ಯಾವ್ ಮೆಕ್ಸಿಕೋದೋನ್ಲಾ? ನಮ್ ಗರಡಿ ಮಣ್ಣಲ್ಲಿ ಒರಳಾಡ್ದೋನು.”

ಮಾರನೆಯ ಬೆಳಿಗ್ಗೆ ದಪ್ಪ ಕತ್ತಿನ ಒಬ್ಬ ಬಸ್ಸಿಳಿದು ಪುರಿ ಕೇಳಿದ. ಅಕ್ಕ ಅವನು ನಡೆದು ಬಂದದ್ದನ್ನೇ ನೋಡಿದ್ದಳು. ಅಳೆಯುತ್ತ, ತಲೆ ಎತ್ತದೆ, “ಮೆಕ್ಸಿಕೋದಲ್ಲಿ ಮಳೆ ಬೆಳೆ ಎಂಗೈತಪ್ಪ?” ಎಂದಳು.

ಅವನ ಮುಖ ಬಿಳಿಚಿಕೊಂಡಿತು. “ಅವ್ವಾ, ಒಟ್ಟೆಪಾಡು. ಯಾರ್ಗೂ ಯೋಳ್ಬ್ಯಾಡಿ.”

“ನಾನ್ಯಾಕ್ ಯೋಳ್ಲಿ? ಜನ ಆಟ ನೋಡಕ್ ಬಂದ್ರು, ನೀನು ಆಟ ತೋರುಸ್ದೆ. ಎದುರಿನೋನ್ನ ಇಳ್ಸುವಾಗ ಅವ್ನ ತಲೆ ಕೆಳಗೆ ಕೈ ಕೊಟ್ಟೆಯಲ್ಲ, ಅದು ಬಾಳ ಸಂದಾಗಿತ್ತು,” ಎಂದು ಒಂದು ಹಿಡಿ ಹೆಚ್ಚಿಗೆ ಹಾಕಿದಳು.

ಆ ಸಂಜೆ ಮಂಡ್ಯದ ಪಂದ್ಯವನ್ನು ಅಂಗಡಿಯಲ್ಲಿ ಪೂರಾ ಹೇಳಿದಳು. ಮುಸುಕಿನೊಳಗಿನವನು ಯಾರು ಎಂದು ಬಾಯಿ ಬಿಡಲಿಲ್ಲ.

ಇನ್ನು ನನ್ನ ವಿಷಯ. ಮಳವಳ್ಳಿಯಲ್ಲಿ ಒಂದು ದೊಡ್ಡ ಕುಸ್ತಿ ಇಟ್ಟರು. ನನಗೆ ಜೋಡಿ ಕಟ್ಟಿದ್ದು ಆ ಕಡೆಯ ಅಕ್ಕಿ ಗಿರಣಿ ಯಜಮಾನರ ಮಗನನ್ನು. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, “ನನ್ ಮಗ ಇದೊಂದು ಗೆದ್ದುಬುಡ್ಲಿ. ಗಿರಣೀಲಿ ನಿಂಗೆ ಕಾಯಂ ಕೆಲ್ಸ,” ಎಂದರು. ಭಾವನ ಮನೆಯಲ್ಲಿ ತಟ್ಟೆ ಮುಂದೆ ಕೂತಾಗಲೆಲ್ಲ ನನಗೆ ಅನ್ನ ಗಂಟಲಲ್ಲಿ ಇಳಿಯದ ಕಾಲ ಅದು. ಒಪ್ಪಿಕೊಂಡೆ. ಗರಡಿಯಲ್ಲಿ ನನಗೆ ಕಲಿಸಿದ ಉಸ್ತಾದರಿಗೂ ಹೇಳಲಿಲ್ಲ.

ಅಖಾಡದ ಹತ್ತಿರ ಹೆಂಗಸರು ಬರುವಂತಿರಲಿಲ್ಲ. ಅಕ್ಕ ಜನರ ಹಿಂದೆ ನಿಲ್ಲಿಸಿದ್ದ ಎತ್ತಿನ ಗಾಡಿಯ ಮೇಲೆ ಹತ್ತಿ ನಿಂತಿದ್ದಳು. ನಾವು ಸ್ವಲ್ಪ ಹೊತ್ತು ಸೆಣಸಾಡಿದೆವು. ಅವನು ಸೊಂಟಕ್ಕೆ ಕೈ ಹಾಕಿದ. ನಾನು ಅವನು ಎಳೆದತ್ತ ಹೋದೆ. ನನ್ನ ಬೆನ್ನು ಮಣ್ಣಿಗೆ ತಾಗಿತು. ತಮಟೆ ಬಡಿದರು, ಅವನನ್ನು ಹೆಗಲ ಮೇಲೆ ಹೊತ್ತರು. ವಾಪಸು ಬರುವ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕೂತಳು. ನನ್ನ ಬೆನ್ನಿಗೆ ಅಂಟಿದ್ದ ಮಣ್ಣನ್ನು ದಾರಿಯುದ್ದಕ್ಕೂ ಸೆರಗಿನಲ್ಲಿ ಒರೆಸುತ್ತಲೇ ಇದ್ದಳು.

ಮಾರನೆಯ ಸಂಜೆ ಅಂಗಡಿ ಮುಂದೆ ಎಂದಿಗಿಂತ ಹೆಚ್ಚು ಜನ. ಕಂಟ್ರೋಲರು, “ಹೇಳಮ್ಮ, ಮಳವಳ್ಳಿ ಕುಸ್ತಿ ಹೇಗಿತ್ತು? ತಮ್ಮನದು ಅಂತ ಬಿಡೋ ಹಾಗಿಲ್ಲ,” ಎಂದರು.

ಅಕ್ಕ ನನ್ನ ಕಡೆ ನೋಡಿದಳು. “ನೀನೇ ಯೋಳ್ಲಾ ಮಗ.”

ಅದು ನನಗೆ ಕೊಟ್ಟ ಅವಕಾಶ ಎಂದು ಈಗ ಗೊತ್ತಾಗುತ್ತದೆ. ನಾನು, “ಯೋಳಾದೇನು? ಅವ್ನು ಬಲವಾಗವ್ನೆ, ಸೋತೆ,” ಎಂದೆ.

ಅಕ್ಕ ಸೇರನ್ನು ಕೆಳಗಿಟ್ಟಳು. “ಎದುರಿನೋನು ಮಣ್ಣು ಮುಟ್ನಿಲ್ಲ.”

ಕುಸ್ತಿ ಬಲ್ಲವರಿಗೆ ಅಷ್ಟು ಸಾಕು. ಬೆವೆತ ಮೈ ಜಾರುತ್ತದೆ. ಎತ್ತಬೇಕೆನ್ನುವವನು ಮೊದಲು ಒಂದು ಹಿಡಿ ಮಣ್ಣು ತೆಗೆದು ಎದುರಿನವನ ಬೆನ್ನಿಗೆ, ತೋಳಿಗೆ ಉಜ್ಜಿ ಹಿಡಿತ ಮಾಡಿಕೊಳ್ಳುತ್ತಾನೆ. ಬುದ್ಧಿ ಬಂದಾಗಿನಿಂದ ಆ ಮಣ್ಣಲ್ಲೇ ಬೆಳೆದ ನಾವಿಬ್ಬರೂ ಆವತ್ತು ಅದನ್ನೇ ಮರೆತಿದ್ದೆವು. ತಾನಾಗಿ ಬರುವವನನ್ನು ಹಿಡಿಯಲು ಅವನಿಗೆ ಮಣ್ಣು ಯಾಕೆ ಬೇಕಿತ್ತು?

ಎಲ್ಲರೂ ನನ್ನ ಮುಖ ನೋಡಿದರು. ಕೆಲಸ ಹೋಯಿತು, ಮಾನ ಹೋಯಿತು ಎಂದು ನನಗೆ ಮೈ ಉರಿಯಿತು.

“ಗರಡಿ ಒಸ್ಲು ತುಳೀದೋಳು ನೀನು, ನಿಂಗೇನ್ ಗೊತ್ತು ಕುಸ್ತಿ?” ಎಂದು ಕೂಗಿದೆ. “ಇಂಗ್ಲೀಸು ಒಂದಕ್ಸರ ಓದಕ್ ಬರಾಕಿಲ್ಲ, ಫೋಟೋ ಆಸ್ಕಂಡು ಕತೆ ಕಟ್ತಾಳೆ. ಮೆಕ್ಸಿಕೋ, ಜಪಾನು, ಎಲ್ಲಾ ಇವ್ಳ ತಲೇಲೇ ಉಟ್ಟಿದ್ದು. ನೀವೂ ಬಾಯ್ ಬುಟ್ಕಂಡು ಕೇಳ್ತೀರಿ!”

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಕಂಟ್ರೋಲರೂ, “ಹೋಗಲಿ ಬಿಡಮ್ಮ, ಅಷ್ಟು ದೂರದಿಂದ ನೋಡಿದ್ದಲ್ವಾ,” ಎಂದರು. ಅಕ್ಕ ಪಕ್ಕದಲ್ಲಿದ್ದ ಮೆಕ್ಸಿಕೋದ ಪತ್ರಿಕೆಯಿಂದ ಒಂದು ಹಾಳೆ ಹರಿದು, ಪೊಟ್ಟಣ ಸುತ್ತಿ, ಮುಂದೆ ನಿಂತಿದ್ದವನಿಗೆ ಪುರಿ ಕಟ್ಟಿಕೊಟ್ಟಳು. ಅಲ್ಲಿಗೆ ಮುಗಿಯಿತು.

ಜನ ಹೋದ ಮೇಲೆ ನಾನೇ ಕೇಳಿದೆ: “ಆ ಮುಸುಕಿನೋನ್ನ ಕಾಪಾಡ್ದೆ. ಒಡುಟ್ಟಿದೋನ್ನ ಕಾಪಾಡ್ನಿಲ್ವಲ್ಲಕ್ಕ?”

“ಅವ್ನು ಮೊಕಕ್ ಮುಸುಕು ಆಕ್ದ. ನೀನು ಕುಸ್ತಿಗೇ ಆಕ್ದೆ ಕಣ್ಲಾ. ಅಲ್ಲಿ ಬಂದಿದ್ದ ಜನ ದಿಟ ಅನ್ಕೊಂಡು ಬಂದಿದ್ರು.” ಖಾಲಿ ಸೇರನ್ನು ಮಗುಚಿಟ್ಟು ಮತ್ತೆ ಹೇಳಿದಳು: “ಬಿದ್ದಿದ್ದೇನೋ ಬಿದ್ದೆ, ನೆಟ್ಗಾದ್ರೂ ಬೀಳ್ಬಾರ್ದಾಗಿತ್ತಾ? ಇಮ್ಮಡಿ ಮೊದ್ಲೇ ಎತ್ತಿಬುಟ್ಟೆ.”

ಆಗ ಕೋಪ ಬಂದಿತ್ತು. ಈಗ ನೆನೆದರೆ ನಗು ಬರುತ್ತದೆ, ನಗುವಿನ ಹಿಂದೆಯೇ ಕಣ್ಣು ಮಂಜಾಗುತ್ತದೆ.

ಗಿರಣಿಯ ಕೆಲಸ ಸಿಕ್ಕಿತು. ಮಳವಳ್ಳಿಯಲ್ಲೇ ಮನೆ ಮಾಡಿದೆ, ಮದುವೆಯಾದೆ. ಮತ್ತೆ ಅಖಾಡಕ್ಕೆ ಇಳಿಯಲಿಲ್ಲ. ಅಕ್ಕ ಪುರಿ ಅಳೆದಳು, ನನ್ನ ಹೆಂಡತಿಯ ಬಾಣಂತನಕ್ಕೆ ಬಂದಳು, ಆ ಮಾತನ್ನು ಮಾತ್ರ ಎಂದೂ ಎತ್ತಲಿಲ್ಲ. ಪರದೇಶದ ಕುಸ್ತಿಯನ್ನೂ ಮತ್ತೆ ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ, “ನಂಗೇನ್ ಗೊತ್ತು ಬುಡಿ,” ಎನ್ನುತ್ತಿದ್ದಳು. ಅದು ನಾನು ಅವಳ ಬಾಯಿಗೆ ತುರುಕಿದ ಮಾತು. ಪತ್ರಿಕೆಗಳೆಲ್ಲ ಪೊಟ್ಟಣವಾಗಿ ಮುಗಿದವು.

ಬಹಳ ವರ್ಷಗಳ ಮೇಲೆ ನಮ್ಮ ಮನೆಗೆ ಟಿ.ವಿ. ಬಂತು. ಮೊಮ್ಮಕ್ಕಳು ಅಮೆರಿಕದ ಕುಸ್ತಿ ಹಾಕಿಕೊಂಡು ಕೂತಿದ್ದವು. ಊರಿಂದ ಬಂದಿದ್ದ ಅಕ್ಕ ಎದ್ದು ಹೋಗಿ, ಟಿ.ವಿ.ಯ ಮೇಲ್ಭಾಗಕ್ಕೆ ಅಂಗೈ ಅಡ್ಡ ಹಿಡಿದು ನಿಂತಳು.

“ಸರ್ಕೊ ಅಜ್ಜಿ, ಕಾಣಾಕಿಲ್ಲ!” ಎಂದು ಮಕ್ಕಳು ಕಿರುಚಿದವು.

“ಇರ್ಲಾ. ಈಗ ಆ ಕರೀ ಚೆಡ್ಡಿಯೋನು ಆರ್ತಾನೆ ನೋಡು,” ಎಂದಳು. ಅವನು ಹಾರಿದ. ಮಕ್ಕಳು ಬೆರಗಾಗಿ ಅವಳನ್ನೇ ನೋಡಿದವು. ಅಕ್ಕ ತಿರುಗಿ ನನ್ನ ಕಡೆ ನೋಡಿದಳು. ಆಗಲಾದರೂ ನಾನು ನಿಜ ಹೇಳಬಹುದಿತ್ತು. “ಕೂತ್ಕೋ ಬಾಕ್ಕ, ಕಾಲು ನೋಯ್ತದೆ,” ಎಂದೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಮಣ್ಣು ಮಾಡುವಾಗ ಅಂಗಡಿಯ ಹಳಬರು ಕೆಲವರು ಬಂದಿದ್ದರು. ಕಂಟ್ರೋಲರು ಕೋಲೂರಿಕೊಂಡು ಬಂದರು, ಬೆನ್ನು ಪೂರ್ತಿ ಬಗ್ಗಿದೆ. ಎಲ್ಲರೂ ಹಿಡಿ ಮಣ್ಣು ಹಾಕುವ ಹೊತ್ತು. ನಾನು ಮಣ್ಣು ಹಿಡಿದು ನಿಂತಿದ್ದೆ.

“ಎಂಥಾ ಕಣ್ಣು ನಿಮ್ಮಕ್ಕನದು,” ಎಂದರು ಕಂಟ್ರೋಲರು. “ಅಷ್ಟು ಕುಸ್ತಿಗಳಲ್ಲಿ ತಪ್ಪಿದ್ದು ಒಂದೇ ಸಲ. ನಿನ್ನ ಮಳವಳ್ಳಿ ಕುಸ್ತಿ.”

ಅವಳ ಲೆಕ್ಕಕ್ಕೆ ಸೇರಿದ್ದ ಆ ಒಂದು ತಪ್ಪು ನನ್ನದು. ಅದನ್ನು ಅವಳ ಮೇಲೆ ಬಿಟ್ಟು ಮಣ್ಣು ಮುಚ್ಚಲು ನನ್ನ ಕೈಯಿಂದ ಆಗಲಿಲ್ಲ.

“ಅವ್ನು ಮಣ್ಣು ಮುಟ್ಟಿರ್ನಿಲ್ಲ ಸ್ವಾಮಿ,” ಎಂದೆ. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. “ಗಿರಣಿ ಕೆಲಸಕ್ಕೆ ನಾನೇ ಬಿದ್ದೆ. ಅಕ್ಕ ಯೋಳಿದ್ದು ದಿಟ.”

ನನ್ನ ಹೆಂಡತಿ ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಕಂಟ್ರೋಲರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಹಾಗಾದ್ರೆ ಒಂದೂ ತಪ್ಪಿಲ್ಲ,” ಎಂದರು.

ನಾನು ಬಗ್ಗಿ ಕೈಯಲ್ಲಿದ್ದ ಮಣ್ಣನ್ನು ಅಕ್ಕನ ಮೇಲೆ ಹಾಕಿದೆ.